ಹಿಂದಿನ ಸೀಟಿನಿಂದ ಆರಿಸಿ: ಮಲೆನಾಡಿನ ಮನೆಗೊಂದು ವೇಗದ ಎಸ್ಟೇಟ್ ಕಾರು

ವೇಗದ ಕಾರು ಬೇಕು, ಮನೆಮಂದಿಯೆಲ್ಲ ಹಿಡಿಸಬೇಕು, ಸಾಮಾನಿಗೂ ಜಾಗ ಬೇಕು, ದಿನವೂ ಓಡಬೇಕು ಎಂದು ಕೇಳಿದವರಿಗೆ ಷೋರೂಮಿನಲ್ಲಿ ಮೊದಲು ತೋರಿಸುವುದು ಎತ್ತರದ ಎಸ್‌ಯುವಿ. ನಾನು ತೋರಿಸುವುದು ಎಸ್ಟೇಟ್ ಕಾರನ್ನು. ಅದರ ಮೈಕಟ್ಟು ಸೆಡಾನಿನಂತೆ ತಗ್ಗಿನದು. ಆದರೆ ಚಾವಣಿ ಹಿಂದಿನ ತುದಿಯವರೆಗೂ ನೇರವಾಗಿ ಹೋಗುತ್ತದೆ, ಡಿಕ್ಕಿ ಬೇರೆ ಪೆಟ್ಟಿಗೆಯಾಗಿ ಉಳಿಯದೆ ಕಾರಿನ ಒಳಗೇ ಸೇರುತ್ತದೆ.

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಮನೆ ವಿದ್ಯಾನಗರದಲ್ಲಿ, ಗಂಡನ ಮನೆಯ ಕಾಫಿ ತೋಟ ಸಕಲೇಶಪುರದ ಆಚೆ ಹಾನುಬಾಳಿನ ಕಡೆ, ನನ್ನ ತವರು ಘಟ್ಟದ ಕೆಳಗಿನ ಪುತ್ತೂರು. ನಮ್ಮ ಕಾರಿನಲ್ಲಿ ಕೂರುವವರು ಮಂಡಿ ಸವೆದಿರುವ ಅತ್ತೆ, ತಿರುವು ಬಂದರೆ ಹೊಟ್ಟೆ ತೊಳಸುವ ಕಿರಿಯ ಮಗಳು, ಕಾಲು ಚಾಚಲು ಜಾಗ ಕೇಳುವ ದೊಡ್ಡ ಮಗ, ಮುಂದೆ ನಾವಿಬ್ಬರು, ಕೆಲವೊಮ್ಮೆ ಹಿಂಭಾಗದಲ್ಲಿ ತೋಟದ ನಾಯಿ. ಸ್ಟಿಯರಿಂಗ್ ಹೆಚ್ಚಾಗಿ ನನ್ನ ಕೈಯಲ್ಲಿಯೇ ಇರುತ್ತದೆ. ಕಾರು 2018ರ ವೋಲ್ವೋ ವಿ90 ಕ್ರಾಸ್ ಕಂಟ್ರಿ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಇಂಥ ಕಾರನ್ನು ಆರಿಸುವುದರಿಂದ ಹಿಡಿದು ಟೈರು ಹಾಕಿಸುವುದು, ಸಾಮಾನು ತುಂಬುವುದು, ಘಟ್ಟದಲ್ಲಿ ಓಡಿಸುವುದರವರೆಗೆ ಪ್ರತಿಯೊಂದನ್ನೂ ಹಿಂದಿನ ಸೀಟಿನಲ್ಲಿ ಕುಳಿತವರ ಕಡೆಯಿಂದ ತೀರ್ಮಾನಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾಲಕರಿಗೆ ಸಂತೋಷ ತಾನಾಗಿಯೇ ಸಿಗುತ್ತದೆ. ಇನ್ನೂರಕ್ಕಿಂತ ಹೆಚ್ಚು ಹಾರ್ಸ್‌ಪವರ್ ಇರುವ ಕಾರಿನಲ್ಲಿ ಅದಕ್ಕಾಗಿ ಬೇರೆ ಪ್ರಯತ್ನ ಬೇಕಿಲ್ಲ.

ಮೊದಲು ಹಿರಿಯರನ್ನು ಕೂರಿಸಿ ನೋಡಿ

ಮಂಡಿ ನೋವಿರುವವರಿಗೆ ಎತ್ತರದ ಕಾರೇ ಒಳ್ಳೆಯದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನನ್ನ ಬಳಿ ಚಿಕಿತ್ಸೆಗೆ ಬರುವವರೂ ಅದನ್ನೇ ಹೇಳುತ್ತಾರೆ. ತೀರಾ ತಗ್ಗಿನ ಕಾರಿನಿಂದ ಏಳುವುದು ಕಷ್ಟ ಎಂಬುದು ನಿಜ. ಆದರೆ ತೀರಾ ಎತ್ತರದ ಕಾರಿಗೆ ಹತ್ತುವಾಗ ಒಂದೇ ಕಾಲಿನ ಮೇಲೆ ಇಡೀ ಮೈಭಾರ ಬಿಟ್ಟು ಮಂಡಿ ಮಡಚಬೇಕಾಗುತ್ತದೆ, ಇಳಿಯುವಾಗ ಅದೇ ಮಂಡಿಯ ಮೇಲೆ ಭಾರ ಬೀಳುತ್ತದೆ. ಸವೆದ ಮಂಡಿಗೆ ಇದಕ್ಕಿಂತ ಕೆಟ್ಟ ಚಲನೆ ಇಲ್ಲ. ಸೀಟಿನ ಎತ್ತರ ಮಂಡಿಗಿಂತ ತುಸು ಮೇಲೆ, ಸೊಂಟಕ್ಕಿಂತ ಕೆಳಗೆ ಇರಬೇಕು. ಹತ್ತುವುದೂ ಇಲ್ಲ, ಕುಸಿಯುವುದೂ ಇಲ್ಲ, ಬೆನ್ನು ತಿರುಗಿಸಿ ಕೂತರೆ ಸಾಕು. ನೆಲದಿಂದ 210 ಮಿಲಿಮೀಟರ್ ಎತ್ತರಿಸಿದ ಕ್ರಾಸ್ ಕಂಟ್ರಿಯಂಥ ಎಸ್ಟೇಟ್ ಕಾರಿನ ಸೀಟು ಸಾಧಾರಣ ಎತ್ತರದ ಹೆಂಗಸರಿಗೆ ಸರಿಯಾಗಿ ಅಲ್ಲಿಗೇ ಬರುತ್ತದೆ.

ಕಾರು ನೋಡಲು ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. ಅವರು ದಿನವೂ ಉಡುವ ಸೀರೆಯಲ್ಲೇ ಬರಲಿ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹೊಸ್ತಿಲು ಎಷ್ಟು ದಪ್ಪವಿದೆ, ಮೇಲಿನ ಹಿಡಿ ಕೈಗೆ ಎಟುಕುತ್ತದೆಯೇ ಎಂಬುದನ್ನೆಲ್ಲ ಅವರೇ ಹೇಳಬೇಕು. ಹತ್ತುವ ಕ್ರಮವನ್ನೂ ಹೇಳಿಕೊಡಿ. ಮೊದಲು ಸೀಟಿಗೆ ಬೆನ್ನು ಮಾಡಿ ಕುಳಿತುಕೊಳ್ಳುವುದು, ಆಮೇಲೆ ಎರಡೂ ಕಾಲುಗಳನ್ನು ಜೋಡಿಸಿ ಒಳಗೆ ತಿರುಗಿಸುವುದು. ಇಳಿಯುವಾಗ ಇದರ ತಿರುವುಮುರುವು. ನಮ್ಮ ಅತ್ತೆ ಮೊದಲ ದಿನ ಹೀಗೆ ಕುಳಿತು, "ನೋಡಮ್ಮ, ಇದಕ್ಕೆ ಯಾರ ಕೈಯೂ ಹಿಡಿಯಬೇಕಾಗಿಲ್ಲ" ಎಂದರು. ನಮ್ಮ ಮನೆಯ ಮಟ್ಟಿಗೆ ತೀರ್ಮಾನವಾದದ್ದು ಅಲ್ಲಿಯೇ.

ಇನ್ನು ಹೊಟ್ಟೆ ತೊಳಸುವ ಮಗುವಿನ ಮಾತು. ಒಳಕಿವಿ ಚಲನೆಯನ್ನು ಗುರುತಿಸುತ್ತದೆ, ಕಣ್ಣು ಸೀಟಿನ ಬೆನ್ನನ್ನು ನೋಡುತ್ತಿರುತ್ತದೆ, ಎರಡರ ವರದಿಯೂ ತಾಳೆಯಾಗುವುದಿಲ್ಲ. ತಿರುವಿನಲ್ಲಿ ಕಾರು ಹೆಚ್ಚು ವಾಲಿದಷ್ಟೂ ಈ ಜಗಳ ಹೆಚ್ಚುತ್ತದೆ. ಎಸ್ಟೇಟ್ ಕಾರಿನ ಭಾರವೆಲ್ಲ ನೆಲಕ್ಕೆ ಹತ್ತಿರ ಇರುವುದರಿಂದ ವಾಲುವಿಕೆ ಕಡಿಮೆ, ವಾಲಿ ಮತ್ತೆ ಎದ್ದುಕೊಳ್ಳುವ ಓಲಾಟ ಇನ್ನೂ ಕಡಿಮೆ. ಪರೀಕ್ಷೆಗೆಂದು ಓಡಿಸುವಾಗ ನೀವು ಸ್ವಲ್ಪ ದೂರವಾದರೂ ಹಿಂದೆ ಕುಳಿತು ನೋಡಿ, ಬೇರೆಯವರು ಓಡಿಸಲಿ. ಚಾಲಕರಿಗೆ ತಿರುವು ಮೊದಲೇ ಗೊತ್ತಿರುತ್ತದೆ, ಹಿಂದೆ ಕುಳಿತವರಿಗೆ ಗೊತ್ತಿರುವುದಿಲ್ಲ.

ಯಾವ ಕಾರು, ಎಲ್ಲಿಂದ

ಎಸ್ಟೇಟ್ ಕಾರುಗಳ ವಿಷಯದಲ್ಲಿ ನಮ್ಮ ಮಾರುಕಟ್ಟೆ ಬಡವಾದದ್ದು. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಮಾರುತಿ ಬಲೆನೊ ಆಲ್ಟುರಾ, ಟಾಟಾ ಇಂಡಿಗೊ ಮರೀನಾ, ಸ್ಕೋಡಾ ಆಕ್ಟೇವಿಯಾ ಕಾಂಬಿ ಬಂದವು. ಯಾವುದೂ ಬಹುಕಾಲ ನಿಲ್ಲಲಿಲ್ಲ. ಯುರೋಪಿನಲ್ಲಿ ಮಾತ್ರ ಇದು ಸಂಸಾರಸ್ಥರ ಮೆಚ್ಚಿನ ಕಾರು. ವೋಲ್ವೋ 1953ರಲ್ಲಿಯೇ ಡ್ಯುಯೆಟ್ ಎಂಬ ಎಸ್ಟೇಟ್ ಮಾಡಿತ್ತು. 1994ರಲ್ಲಿ ಬ್ರಿಟನ್ನಿನ ಟೂರಿಂಗ್ ಕಾರ್ ಪಂದ್ಯಾವಳಿಗೆ ಅದು ತನ್ನ 850 ಎಸ್ಟೇಟನ್ನೇ ಇಳಿಸಿತು. ಅದೇ ವರ್ಷ ಆಡಿ ಕಂಪನಿ ಪೋರ್ಷೆ ಜೊತೆ ಸೇರಿ 315 ಹಾರ್ಸ್‌ಪವರಿನ ಆರ್‌ಎಸ್2 ಅವಂತ್ ಹೊರತಂದಿತು. ಮಕ್ಕಳನ್ನು ಶಾಲೆಗೆ ಬಿಡುವ ಕಾರು ಸ್ಪೋರ್ಟ್ಸ್ ಕಾರಿಗೆ ಸಮನಾಗಿ ಓಡಬಲ್ಲದು ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಈ ಇತಿಹಾಸ ನನಗೆ ಬಹಳ ಇಷ್ಟ.

ಇಂದು ಇಲ್ಲಿ ಹುಡುಕುವವರಿಗೆ ಸಿಗುವುದು ಹೆಚ್ಚಾಗಿ ಬಳಸಿದ ಕಾರುಗಳೇ. ವಿ90 ಕ್ರಾಸ್ ಕಂಟ್ರಿ 2017ರಲ್ಲಿ ಭಾರತಕ್ಕೆ ಬಂತು. ಎರಡು ಲೀಟರಿನ ಡೀಸೆಲ್ ಎಂಜಿನ್, 235 ಹಾರ್ಸ್‌ಪವರ್, 480 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ), ನಾಲ್ಕೂ ಚಕ್ರಗಳಿಗೆ ಶಕ್ತಿ, ಎಂಟು ಗೇರಿನ ಆಟೋಮ್ಯಾಟಿಕ್, 560 ಲೀಟರಿನ ಡಿಕ್ಕಿ. ಮರ್ಸಿಡಿಸ್ ಇ-ಕ್ಲಾಸ್ ಆಲ್-ಟೆರೇನ್ 2018ರಲ್ಲಿ ಬಂತು. ಅದರಲ್ಲಿ 194 ಹಾರ್ಸ್‌ಪವರಿನ ಡೀಸೆಲ್ ಇದೆ, ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿಯ ಚೀಲಗಳ ಮೇಲೆ ಕೂರುವ ಗಾಳಿಯ ಸಸ್ಪೆನ್ಷನ್ ಇರುವುದರಿಂದ ಬೇಕಾದಾಗ ಕಾರನ್ನು ಎತ್ತರಿಸಬಹುದು. 2015ರಲ್ಲಿ ಬಂದ ಆಡಿ ಆರ್‌ಎಸ್6 ಅವಂತ್ 560 ಹಾರ್ಸ್‌ಪವರಿನ ಅದ್ಭುತ ಯಂತ್ರ, ಆದರೆ ತೋಟದ ರಸ್ತೆಗೆ ಅದನ್ನು ಇಳಿಸುವುದು ಆ ಕಾರಿಗೆ ಮಾಡುವ ಅನ್ಯಾಯ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಸರಿಯಾದ ಅರ್ಥದಲ್ಲಿ ಎಸ್ಟೇಟ್ ಅಲ್ಲ, ಹಿಂದಿನ ಗಾಜಿನ ಸಮೇತ ಮೇಲೇಳುವ ಬಾಗಿಲಿನ ಕಾರು. ಆದರೂ ಸುಮಾರು 590 ಲೀಟರಿನ ಡಿಕ್ಕಿ ಇದೆ. ಹಾಸನ–ಬೆಂಗಳೂರು ಓಡಾಟವೇ ಹೆಚ್ಚಿರುವವರಿಗೆ ಅದು ಸಾಕು. ತೋಟಕ್ಕೂ ಹೋಗಬೇಕಾದವರು ಅದನ್ನು ಬಿಡಿ, ತಳ ಬಡಿಯುತ್ತದೆ.

ದೆಹಲಿ ಕಡೆಯ ಡೀಸೆಲ್ ಕಾರುಗಳು ಅಗ್ಗವಾಗಿ ಕಾಣುತ್ತವೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದ ಮೇಲೆ ಬೆಲೆ ಬೇಗ ಇಳಿಯತೊಡಗಿತು. ಆದರೆ ಆ ಕಾರನ್ನು ಹಾಸನದ ಕೆಎ-13ಕ್ಕೋ ಸಕಲೇಶಪುರದ ಕೆಎ-46ಕ್ಕೋ ತರಬೇಕಾದರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಜೀವಾವಧಿ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ಇಪ್ಪತ್ತು ಲಕ್ಷ ರೂಪಾಯಿ ಮೀರಿದ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇ 18. ಕಾರಿನ ವಯಸ್ಸಿಗೆ ತಕ್ಕಂತೆ ರಿಯಾಯಿತಿ ಇದ್ದರೂ ಮೊತ್ತ ದೊಡ್ಡದೇ. ಅದನ್ನು ಕೂಡಿಸಿ ನೋಡಿದರೆ ಬೆಂಗಳೂರಿನಲ್ಲಿ ನೋಂದಣಿಯಾದ, ಸರ್ವೀಸಿನ ಪೂರ್ತಿ ದಾಖಲೆ ಇರುವ ಕಾರೇ ಲಾಭ. ನಾವು ಕೊಂಡದ್ದು ಅಂಥದ್ದನ್ನೇ.

ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಲು ಕೇಳಿ. ಹಿಂದೆ ಗಾಳಿಯ ಸಸ್ಪೆನ್ಷನ್ ಇರುವ ಕಾರಾದರೆ, ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಎರಡೂ ಬದಿ ಸಮ ಎತ್ತರದಲ್ಲಿ ಇವೆಯೇ ಎಂದು ನೋಡಿ. ಒಂದು ಬದಿ ಕುಸಿದಿದ್ದರೆ ಗಾಳಿ ಸೋರುತ್ತಿದೆ ಎಂದರ್ಥ, ದುರಸ್ತಿ ದುಬಾರಿ. ಚಾಲಕರ ಪಕ್ಕದ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ. ತೇವವಿದ್ದರೆ ನೀರು ಒಳಗಿಳಿದಿದೆ ಎಂದರ್ಥ, ಕೊಳ್ಳದೆ ಬಂದುಬಿಡಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಬೇಕು, ಆಗಿದೆಯೇ ಎಂದು ದಾಖಲೆಯಲ್ಲಿ ಕಾಣಬೇಕು, ಮಾರುವವರ ಬಾಯಿಮಾತು ಸಾಲದು. ಮಾರುವವರು ಪರಿಚಯದವರೇ ಆದರೂ ಕಾರನ್ನು ಎತ್ತಿ ತಳ ನೋಡದೆ ಮುಂಗಡ ಕೊಡಬೇಡಿ.

ಟೈರು

ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಕಾರಿನಲ್ಲಿ ನಾಲ್ಕು ಟೈರುಗಳೂ ಒಂದೇ ಕಂಪನಿಯ, ಒಂದೇ ಮಾದರಿಯ, ಹೆಚ್ಚು ಕಡಿಮೆ ಒಂದೇ ಸವೆತದವು ಆಗಿರಬೇಕು. ಒಂದು ಹೊಸದು, ಮೂರು ಸವೆದವು ಎಂದಾದರೆ ಸುತ್ತಳತೆ ಬೇರೆಯಾಗುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಕಳುಹಿಸುವ ಕ್ಲಚ್ ನೇರ ರಸ್ತೆಯಲ್ಲೂ ವ್ಯತ್ಯಾಸವನ್ನು ಸರಿದೂಗಿಸುತ್ತ ಬಿಸಿಯಾಗುತ್ತದೆ. ಟೈರ್ ಅಂಗಡಿಯಲ್ಲಿ "ಒಂದು ಹಾಕಿಸಿದರೆ ಸಾಕು ಮೇಡಂ" ಎಂದರೆ ಒಪ್ಪಬೇಡಿ.

ರಿಮ್ ದೊಡ್ಡದಾದಷ್ಟೂ ಚೆಂದ ಎಂಬ ಆಸೆಯನ್ನು ನಮ್ಮ ರಸ್ತೆಗಳಲ್ಲಿ ಬಿಡಲೇಬೇಕು. ರಿಮ್ ದೊಡ್ಡದಾದರೆ ಟೈರಿನ ಪಕ್ಕದ ಗೋಡೆ ತೆಳುವಾಗುತ್ತದೆ, ಗುಂಡಿಯ ಹೊಡೆತ ನೇರ ರಿಮ್ಮಿಗೂ ಅಲ್ಲಿಂದ ಅತ್ತೆಯ ಬೆನ್ನಿಗೂ ತಲುಪುತ್ತದೆ. ಕಂಪನಿ ಆ ಮಾದರಿಗೆ ಒಪ್ಪಿರುವ ಅಳತೆಗಳಲ್ಲಿ ಅತಿ ಚಿಕ್ಕ ರಿಮ್ ಯಾವುದೋ ಅದು ಬ್ರೇಕಿನ ಗಾತ್ರಕ್ಕೆ ಹೊಂದುತ್ತದೆಯೇ ಎಂದು ವಿಚಾರಿಸಿ ಅದನ್ನೇ ಹಾಕಿಸಿ. ಗಾಳಿಯ ಒತ್ತಡ ಬಾಗಿಲಿನ ಕಂಬದ ಮೇಲೆ ಬರೆದಿರುತ್ತದೆ. ಇಬ್ಬರಿಗೆ ಒಂದು, ತುಂಬಿದ ಕಾರಿಗೆ ಇನ್ನೊಂದು. ಪುತ್ತೂರಿಗೆ ಹೊರಡುವ ಹಿಂದಿನ ಸಂಜೆ ಟೈರು ತಣ್ಣಗಿರುವಾಗ ಎರಡನೆಯದಕ್ಕೆ ತುಂಬಿಸಿಕೊಳ್ಳಿ. ಸ್ಟೆಪ್ನಿ ತೆಳ್ಳಗಿನದಾಗಿದ್ದರೆ ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ಮೀರಬಾರದು. ಘಟ್ಟದಲ್ಲಿ ಅಷ್ಟೂ ಬೇಡ.

ಶಾಲೆ, ಕ್ಲಿನಿಕ್, ಸಂತೆ

ಊರೊಳಗಿನ ಓಡಾಟದಲ್ಲಿ ಈ ಕಾರಿನ ಕಷ್ಟ ಎರಡೇ. ಒಂದು ಉದ್ದ. ಸುಮಾರು 4.9 ಮೀಟರ್ ಉದ್ದದ ಕಾರನ್ನು ಬಿ.ಎಂ. ರಸ್ತೆಯ ಪಕ್ಕ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಸ್ವಲ್ಪ ದೂರ ನಿಲ್ಲಿಸಿ ನಡೆಯುವುದು ಒಳ್ಳೆಯದು. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಂತೂ ಕಾರನ್ನು ಮನೆಯಲ್ಲೇ ಬಿಡಿ. ಇನ್ನೊಂದು ಕಷ್ಟ ಡೀಸೆಲ್ ಎಂಜಿನ್ನಿನ ಹೊಗೆಯ ಮಸಿ ಹಿಡಿಯುವ ಫಿಲ್ಟರಿನದು. ಆ ಮಸಿ ಸುಟ್ಟು ಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಶಾಲೆ, ಶಾಲೆಯಿಂದ ಕ್ಲಿನಿಕ್ ಎಂದು ತುಂಡು ತುಂಡಾಗಿ ಓಡಿಸಿದರೆ ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತುತ್ತದೆ. ವಾರಕ್ಕೊಮ್ಮೆಯಾದರೂ ಶಾಂತಿಗ್ರಾಮದ ಕಡೆಗೋ ಆಲೂರಿನ ಕಡೆಗೋ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ವಾರಾಂತ್ಯಕ್ಕೆ ತೋಟಕ್ಕೆ ಹೋಗುವವರಿಗೆ ಈ ಚಿಂತೆಯೇ ಇಲ್ಲ. ಹೋಗದವರು, ಊರೊಳಗೇ ಸುತ್ತುವವರು, ಡೀಸೆಲ್ ಕೊಳ್ಳಬೇಡಿ.

ವೇಗವನ್ನು ಎಲ್ಲಿ ಖರ್ಚು ಮಾಡಬೇಕು

ವೇಗದ ಕಾರು ಇದ್ದರೆ ಬೇಗ ತಲುಪಬಹುದು ಎಂಬ ಲೆಕ್ಕ ನಮ್ಮ ದೂರಗಳಲ್ಲಿ ನಿಲ್ಲುವುದಿಲ್ಲ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಸರಾಸರಿ 80ರಲ್ಲಿ ಹೋದರೆ ಎರಡು ಗಂಟೆ ಇಪ್ಪತ್ತು ನಿಮಿಷ, ಸರಾಸರಿ 90 ಸಾಧಿಸಿದರೆ ಎರಡು ಗಂಟೆ ಮೂರು ನಿಮಿಷ. ಉಳಿಯುವುದು ಒಂದು ಕಾಫಿಯ ಹೊತ್ತು. ಅದಕ್ಕಾಗಿ ಸರಾಸರಿ ಹತ್ತು ಏರಿಸಬೇಕಾದರೆ ದಾರಿಯುದ್ದಕ್ಕೂ ಎಷ್ಟು ಕಡೆ ಮಿತಿ ಮೀರಬೇಕು ಯೋಚಿಸಿ. ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿನ ಗರಿಷ್ಠ ಮಿತಿ 100, ಉಳಿದ ರಸ್ತೆಗಳಲ್ಲಿ 70. ಸ್ಥಳೀಯ ಫಲಕದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಮಿತಿ. ಕರ್ನಾಟಕದಲ್ಲಿ 2024ರ ಆಗಸ್ಟ್‌ನಿಂದ 130 ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮವೂ ಜಾರಿಯಾಯಿತು. 80ರಿಂದ 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲು ಭಾಗ, ಆದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಒಣ ರಸ್ತೆಯಲ್ಲಿ ಸುಮಾರು 31 ಮೀಟರ್ ಇದ್ದದ್ದು 48 ಆಗುತ್ತದೆ, ಮಳೆಯಲ್ಲಿ 50 ಇದ್ದದ್ದು 78ರ ಹತ್ತಿರ ಹೋಗುತ್ತದೆ.

ಹಾಗಾದರೆ ಅಷ್ಟೊಂದು ಶಕ್ತಿ ಏಕೆ ಬೇಕು? ಏರಿನಲ್ಲಿ ಲಾರಿ ದಾಟುವುದಕ್ಕೆ. ಶಿರಾಡಿಯಲ್ಲಿ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಮಂಗಳೂರಿನ ಬಂದರಿನ ಟ್ಯಾಂಕರುಗಳು ಸಾಲುಗಟ್ಟಿರುತ್ತವೆ. ಲಾರಿಯ ಉದ್ದ, ಅದರ ಹಿಂದೆ ಮುಂದೆ ಬಿಡುವ ಅಂತರ, ನಮ್ಮ ಕಾರಿನ ಉದ್ದ ಎಲ್ಲ ಕೂಡಿಸಿದರೆ ಲಾರಿಗಿಂತ ಸುಮಾರು 45 ಮೀಟರ್ ಹೆಚ್ಚು ಕ್ರಮಿಸಬೇಕು. ತುಂಬಿದ ಸಣ್ಣ ಎಂಜಿನ್ನಿನ ಕಾರು ಏರಿನಲ್ಲಿ ಲಾರಿಗಿಂತ ಗಂಟೆಗೆ ಹನ್ನೆರಡು ಕಿಲೋಮೀಟರ್ ಮಾತ್ರ ಹೆಚ್ಚು ಓಡಿದರೆ ಅದಕ್ಕೆ ಹದಿಮೂರು ಸೆಕೆಂಡು ಮೀರಿ ಬೇಕು. ಅಷ್ಟರಲ್ಲಿ 60ರ ವೇಗದಲ್ಲಿ ಎದುರಿಗೆ ಬರುವ ಬಸ್ಸು 225 ಮೀಟರ್ ಹತ್ತಿರವಾಗಿರುತ್ತದೆ. ಟಾರ್ಕ್ ಇರುವ ಕಾರು ಇಪ್ಪತ್ತೈದು ಹೆಚ್ಚು ಓಡಿದರೆ ಆರೂವರೆ ಸೆಕೆಂಡಿನಲ್ಲಿ ತನ್ನ ಬದಿಗೆ ಮರಳುತ್ತದೆ, ಬಸ್ಸು ಬಂದಿರುವುದು 110 ಮೀಟರಿಗಿಂತ ಕಡಿಮೆ. ನಾನು ಹಣ ಕೊಟ್ಟಿರುವುದು ಆ ಏಳು ಸೆಕೆಂಡಿಗೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಎದುರು ಪಥದಲ್ಲಿ ಇರುವ ಹೊತ್ತು ಅರ್ಧವಾಗುವುದಕ್ಕಿಂತ ದೊಡ್ಡ ಸುರಕ್ಷತೆ ನನಗೆ ಗೊತ್ತಿಲ್ಲ. ದಾರಿ ಕಾಣದ ಕಡೆ ಯಾವ ಟಾರ್ಕ್ ಇದ್ದರೂ ದಾಟಬೇಡಿ. ಶಕ್ತಿ ಇದೆ ಎಂಬ ಕಾರಣಕ್ಕೆ ಸಣ್ಣ ಸಂದಿಗೆ ನುಗ್ಗುವವರು ಆ ಸೆಕೆಂಡುಗಳನ್ನು ಕೈಯಾರೆ ಹಿಂದಿರುಗಿಸಿದಂತೆ.

ದಾಟುವ ಮುನ್ನ ಲಾರಿಗೆ ಅಂಟಿಕೊಳ್ಳದೆ ಹಿಂದೆ ನಿಲ್ಲಿ, ಆಗ ಮುಂದಿನ ರಸ್ತೆ ಕಾಣುತ್ತದೆ. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಪೆಡಲ್ ಒತ್ತಿದ ಮೇಲೆ ಯೋಚಿಸಲು ಒಂದು ಕ್ಷಣ ತೆಗೆದುಕೊಳ್ಳುತ್ತದೆ, ಆದ್ದರಿಂದ ಮ್ಯಾನುಯಲ್ ಸ್ಥಾನಕ್ಕೆ ತಂದು ಮೊದಲೇ ಒಂದು ಗೇರ್ ಇಳಿಸಿಟ್ಟುಕೊಳ್ಳಿ. ಇಳಿಜಾರಿನಲ್ಲೂ ಹಾಗೆಯೇ. ಯಾವ ಗೇರಿನಲ್ಲಿ ಹತ್ತುತ್ತೀರೋ ಹೆಚ್ಚು ಕಡಿಮೆ ಅದರಲ್ಲೇ ಇಳಿಯಿರಿ, ಎಂಜಿನ್ ತಡೆಯಲಿ. ಸುಮಾರು ಎರಡು ಟನ್ನಿನ ಕಾರಿಗೆ ಐದು ಜನ, ಸಾಮಾನು ಸೇರಿದರೆ ಬ್ರೇಕ್ ಒಂದರಿಂದಲೇ ಚಾರ್ಮಾಡಿ ಇಳಿಯುವುದು ಅಪಾಯ, ಬಿಸಿಯಾದ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ.

ತಿರುವಿನಲ್ಲಿ ನಾನು ಪಾಲಿಸುವ ಕ್ರಮ ಸರಳ. ವೇಗ ಇಳಿಸುವುದೆಲ್ಲ ತಿರುವಿನ ಮುಂಚೆ, ನೇರ ಚಕ್ರದಲ್ಲಿ. ತಿರುವಿನೊಳಗೆ ಒಂದೇ ಸಮನಾದ ವೇಗ, ಒಮ್ಮೆ ತಿರುಗಿಸಿದ ಸ್ಟಿಯರಿಂಗ್ ಅಲ್ಲೇ. ತಿರುವು ಬಿಚ್ಚಿಕೊಂಡ ಮೇಲೆ ಮಾತ್ರ ಪೆಡಲ್. ಬ್ರೇಕ್ ಬಿಡುವಾಗ ಒಮ್ಮೆಲೇ ಬಿಡದೆ ಕೊನೆಯ ಅಂಗುಲವನ್ನು ನಿಧಾನವಾಗಿ ಬಿಡಿ, ತಲೆಗಳು ಹಿಂದಕ್ಕೆ ಬಡಿಯುವುದಿಲ್ಲ. ನಡುವೆ ಹಿಂದಿನ ಸೀಟಿನ ಮಾತಿಗೆ ಕಿವಿ ಇರಲಿ. ಹೊಟ್ಟೆ ತೊಳಸಲು ಶುರುವಾದ ಮಗು ಮೊದಲು ಮಾತು ನಿಲ್ಲಿಸುತ್ತದೆ, ಆಮೇಲೆ ಆಕಳಿಸುತ್ತದೆ, ಬಿಳಿಚಿಕೊಳ್ಳುತ್ತದೆ. ಮಾತು ನಿಂತಾಗಲೇ ವೇಗ ಇಳಿಸಿ ಕಿಟಕಿ ತೆರೆದರೆ ಉಳಿದದ್ದು ಬರುವುದೇ ಇಲ್ಲ. ಮೊಬೈಲ್, ಪುಸ್ತಕ ಘಟ್ಟ ಮುಗಿಯುವವರೆಗೆ ಚೀಲದಲ್ಲಿರಲಿ. ಹೀಗೆ ಓಡಿಸಿದಾಗ ಕಾರು ನಿಜಕ್ಕೂ ವೇಗವಾಗಿಯೇ ಹೋಗುತ್ತಿರುತ್ತದೆ, ಹಿಂದೆ ಕುಳಿತವರಿಗೆ ಅದು ಗೊತ್ತಾಗುವುದಿಲ್ಲ. ಈ ಕಾರಿನಲ್ಲಿ ನನಗಿರುವ ಅತಿ ದೊಡ್ಡ ಆನಂದ ಅದು.

ರಾತ್ರಿಯ ಪ್ರಯಾಣಕ್ಕೆ ಬೇರೆಯೇ ನಿಯಮ. ಆಲೂರು, ಸಕಲೇಶಪುರ, ಬೇಲೂರಿನ ಬಿಕ್ಕೋಡು ಸುತ್ತಮುತ್ತ ಕಾಡಾನೆಗಳು ರಸ್ತೆಗೇ ಬರುತ್ತವೆ. ಹೊರಡುವ ಮುನ್ನ ತೋಟದವರಿಗೆ ಫೋನ್ ಮಾಡಿ ಆನೆ ಎಲ್ಲಿದೆ ಎಂದು ಕೇಳಿ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸೂಚನೆ ಇದ್ದರೆ ಆ ದಾರಿಯನ್ನೇ ಬಿಡಿ. ಎದುರಾದರೆ ದೂರದಲ್ಲೇ ನಿಲ್ಲಿಸಿ, ದೀಪ ತಗ್ಗಿಸಿ, ಹಾರನ್ ಮಾಡದೆ ಕಾಯಿರಿ. ಹಿಂದಕ್ಕೆ ಹೋಗಲು ದಾರಿ ಖಾಲಿ ಇಟ್ಟುಕೊಳ್ಳಿ. ಮಾರು ದೂರಕ್ಕೊಂದು ತಿರುವು ಇರುವ ಆ ರಸ್ತೆಗಳಲ್ಲಿ ದೀಪದ ಬೆಳಕು ಮುಟ್ಟುವ ದೂರದೊಳಗೆ ನಿಲ್ಲುವಷ್ಟೇ ವೇಗ ಸಾಕು.

ತುಂಬುವುದು

ಡಿಕ್ಕಿ ದೊಡ್ಡದಿದೆ ಎಂದು ಚಾವಣಿಯವರೆಗೆ ತುಂಬಬಾರದು. ಎಸ್ಟೇಟ್ ಕಾರಿನ ಡಿಕ್ಕಿಗೂ ಮಕ್ಕಳ ತಲೆಗೂ ನಡುವೆ ಗೋಡೆ ಇಲ್ಲ, ಸೀಟಿನ ಬೆನ್ನು ಮಾತ್ರ ಇದೆ. ಜೋರಾಗಿ ಬ್ರೇಕ್ ಒತ್ತಿದಾಗ ಅದಕ್ಕಿಂತ ಮೇಲಿರುವುದೆಲ್ಲ ಮುಂದಕ್ಕೆ ಹಾರುತ್ತದೆ. ತವರಿನಿಂದ ಬರುವಾಗ ಅಮ್ಮ ಹಲಸಿನ ಹಣ್ಣು, ತೆಂಗಿನಕಾಯಿ, ಕುಚ್ಚಲಕ್ಕಿ ಎಲ್ಲವನ್ನೂ ತುಂಬಿಸುತ್ತಾರೆ. ಅಕ್ಕಿ ಮೂಟೆ ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿಕೊಂಡು. ತೆಂಗಿನಕಾಯಿ ಗೋಣಿಯಲ್ಲಿ, ಬಾಯಿ ಕಟ್ಟಿ, ಅದರ ಪಕ್ಕ. ಹಲಸಿನ ಹಣ್ಣು ಎಂಥ ಸಂದರ್ಭದಲ್ಲೂ ಬಿಡಿಯಾಗಿ ಬೇಡ, ನೆಲದಲ್ಲಿರುವ ಕೊಂಡಿಗಳಿಗೆ ಹಗ್ಗ ಹಾಕಿ ಬಿಗಿಯಿರಿ. ಹಗುರವಾದ ಬಟ್ಟೆ ಚೀಲ ಮೇಲೆ. ಸೀಟಿನ ಹಿಂದಿನಿಂದ ಚಾವಣಿಗೆ ಕಟ್ಟುವ ಬಲೆ ಈ ಕಾರುಗಳಿಗೆ ಸಿಗುತ್ತದೆ, ಇಲ್ಲದಿದ್ದರೆ ತರಿಸಿ. ನಾಯಿ ಬರುವ ದಿನ ಅದು ಇರಲೇಬೇಕು.

ಭಾರ ತುಂಬಿದ ಕಾರು ಹಿಂದೆ ಕುಳಿತುಕೊಳ್ಳುತ್ತದೆ. ಖಾಲಿ ಕಾರಿನಲ್ಲಿ ದಾಟಿದ ಹಂಪ್ ತುಂಬಿದಾಗ ತಳಕ್ಕೆ ಬಡಿಯಬಹುದು. ಉದ್ದವಾದ ಮೂತಿಯ ಕಾರು ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಲಿ. ತೋಟದ ರಸ್ತೆಯಲ್ಲಿ ಜೀಪು, ಪಿಕಪ್ ಓಡಾಡಿ ಕೊರೆದ ಎರಡು ಗಾಲಿ ಸಾಲುಗಳ ನಡುವೆ ಉಬ್ಬು ಎದ್ದಿರುತ್ತದೆ. ಸಾಲಿಗೆ ಇಳಿಯದೆ ಒಂದು ಚಕ್ರವನ್ನು ಉಬ್ಬಿನ ಮೇಲೆ, ಇನ್ನೊಂದನ್ನು ಅಂಚಿನ ಮೇಲೆ ಇಟ್ಟು ನಡೆಸಿ.

ಮಕ್ಕಳ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಹದಿನಾಲ್ಕು ವರ್ಷದೊಳಗಿನ ಮಗು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಇಲ್ಲದಿದ್ದರೆ 1,000 ರೂಪಾಯಿ ದಂಡ. ದಂಡಕ್ಕಾಗಿ ಅಲ್ಲ, ಮಗುವಿಗಾಗಿ ಮಾಡಿ. ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ಕಾರಿಗೆ ತಂದ ವೋಲ್ವೋ ಇಂದಿಗೂ ನಾಲ್ಕು ವರ್ಷದವರೆಗೆ ಮಗುವನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಲು ಹೇಳುತ್ತದೆ. ಅಜ್ಜಿಯ ಮಡಿಲು ಬೆಚ್ಚಗಿದ್ದೀತು, ಬೆಲ್ಟ್ ಆಗಲಾರದು. ಈ ಮಾತನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿಯೇ ಹೇಳಬೇಕಾಯಿತು, ಅತ್ತೆ ಒಪ್ಪಿಕೊಂಡರು.

ಮಳೆಗಾಲ

ಮೇ ಮುಗಿಯುವುದರೊಳಗೆ ಮಾಡಬೇಕಾದ ಕೆಲಸಗಳಿವೆ. ಸಿಲ್ವರ್ ಓಕ್ ನೆರಳಿನಲ್ಲಿ ನಿಲ್ಲಿಸಿದ ಕಾರಿನ ಮುಂಗಾಜಿನ ಬುಡದಲ್ಲಿ ಎಲೆ ತುಂಬಿ ನೀರು ಇಳಿಯುವ ದಾರಿ ಮುಚ್ಚುತ್ತದೆ. ಗಾಜಿನ ಚಾವಣಿಯ ನಾಲ್ಕು ಮೂಲೆಗಳಲ್ಲಿರುವ ಸಣ್ಣ ಕೊಳವೆಗಳೂ ಹಾಗೆಯೇ. ಕಟ್ಟಿಕೊಂಡರೆ ನೀರು ಒಳಗಿಳಿದು ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತದೆ, ಅಲ್ಲಿರುವ ವೈರುಗಳು ಹಾಳಾಗುತ್ತವೆ. ಎಲೆ ಬಾಚಿ, ಮೂಲೆಗಳಿಗೆ ಸ್ವಲ್ಪ ಸ್ವಲ್ಪ ನೀರು ಸುರಿದು ಕಾರಿನ ಕೆಳಗೆ ಹೊರಬರುತ್ತದೆಯೇ ನೋಡಿ. ಒತ್ತಡದ ಗಾಳಿ ಹೊಡೆಸಬೇಡಿ, ಕೊಳವೆ ಒಳಗೆ ಕಳಚಿಕೊಳ್ಳಬಹುದು.

ಕಾರ್ಪೆಟ್ ಮ್ಯಾಟುಗಳನ್ನು ತೆಗೆದಿಟ್ಟು ಅಂಚು ಎತ್ತರವಿರುವ ರಬ್ಬರ್ ಮ್ಯಾಟು ಹಾಕಿ. ತೋಟದಿಂದ ಬರುವ ಮಕ್ಕಳ ಕಾಲುಚೀಲದಲ್ಲಿ ಇಂಬಳ (ಜಿಗಣೆ) ಇದ್ದೇ ಇರುತ್ತದೆ. ಹಿಂಬಾಗಿಲು ಎತ್ತಿದರೆ ಅದೇ ಸೂರಾಗುತ್ತದೆ, ಅದರ ಕೆಳಗೆ ಕೂರಿಸಿ ಬೂಟು ಬಿಚ್ಚಿಸಿ, ಉಪ್ಪಿನ ಡಬ್ಬಿ ಪಕ್ಕದ ಖಾನೆಯಲ್ಲಿರಲಿ. ಒದ್ದೆ ಕೊಡೆ, ಒದ್ದೆ ನಾಯಿ ಇದ್ದ ದಿನ ಎಸಿ ಹಾಕಿಯೇ ಮನೆಗೆ ಬನ್ನಿ, ಇಲ್ಲವಾದರೆ ಬೆಲ್ಟಿನ ಮೇಲೂ ಬೂಷ್ಟು ಹಿಡಿಯುತ್ತದೆ. ಇಲಿಯ ಕಾಟಕ್ಕೆ ನನಗೆ ಫಲ ಕೊಟ್ಟದ್ದು ಒಂದೇ ಉಪಾಯ: ಕಾರನ್ನು ಭತ್ತ, ಹಿಂಡಿ ಇಟ್ಟಿರುವ ಕೊಠಡಿಯ ಪಕ್ಕ ನಿಲ್ಲಿಸದೆ ಬೆಳಕಿರುವ ಕಣದ ಅಂಚಿನಲ್ಲಿ ನಿಲ್ಲಿಸುವುದು, ಬೆಳಿಗ್ಗೆ ಬಾನೆಟ್ ಎತ್ತಿ ನೋಡುವುದು.

ಘಟ್ಟದ ಸ್ಥಿತಿ ಕೇಳದೆ ಹೊರಡಬೇಡಿ. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿಯ ಸಂಚಾರವೇ ನಿಂತಿತ್ತು. ನೀರು ಹರಿಯುವ ರಸ್ತೆಯಲ್ಲಿ ನಾಲ್ಕು ಚಕ್ರದ ಶಕ್ತಿ ಇದೆ ಎಂದು ಇಳಿಯಬೇಡಿ, ಎಂಜಿನ್ ಗಾಳಿ ಎಳೆಯುವ ಬಾಯಿ ತಗ್ಗಿನಲ್ಲಿಯೇ ಇರುತ್ತದೆ.

ಖರ್ಚು, ಸರ್ವೀಸು

ನನ್ನ ಕೈಯಲ್ಲಿ ಊರೊಳಗೆ ಲೀಟರಿಗೆ ಒಂಬತ್ತು ಹತ್ತು, ಹೆದ್ದಾರಿಯಲ್ಲಿ ಹದಿನಾಲ್ಕರ ಸುತ್ತ ಕೊಡುತ್ತದೆ. ಸರ್ವೀಸಿಗೆ ನಾನು ಬೆಂಗಳೂರಿಗೆ ಹೋಗುತ್ತೇನೆ, ಅದನ್ನು ಮಕ್ಕಳ ರಜೆಯ ಜೊತೆ ಹೊಂದಿಸಿಕೊಳ್ಳುತ್ತೇವೆ. ಎಂಜಿನ್ ಆಯಿಲ್ ಕಂಪನಿ ಹೇಳಿದ ದರ್ಜೆಯದೇ ಆಗಬೇಕು, ಈ ಎಂಜಿನ್ನಿಗೆ 0ಡಬ್ಲ್ಯು-20. ಹಿಂದಿನ ಚಕ್ರಗಳಿಗೆ ಶಕ್ತಿ ಕಳುಹಿಸುವ ಘಟಕದ ಎಣ್ಣೆಯನ್ನು ಬದಲಿಸಲು ಹೆಸರು ಹಿಡಿದು ಕೇಳಿ, ಕೇಳದಿದ್ದರೆ ಬಿಟ್ಟುಬಿಡುವವರಿದ್ದಾರೆ. ಟೈರಿನ ಗಾಳಿ, ವೈಪರ್, ಬ್ಯಾಟರಿ, ಎಸಿ ಫಿಲ್ಟರ್ ಇವನ್ನೆಲ್ಲ ಹಾಸನದಲ್ಲೇ ನಂಬಿಕೆಯ ಒಬ್ಬ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಟೈರು, ತೆರಿಗೆ, ವಿಮೆಗೆ ಹಣ ಬೇರೆ ತೆಗೆದಿಟ್ಟ ಮೇಲೆ ಉಳಿಯುವ ಹಣದಲ್ಲಿ ಕಾರು ಹುಡುಕಿ, ಇದ್ದ ಹಣವನ್ನೆಲ್ಲ ಕಾರಿಗೇ ಹಾಕಬೇಡಿ.

ವಿಮೆ ನವೀಕರಿಸುವಾಗ ನೀರಿನಿಂದ ಎಂಜಿನ್ ಹಾಳಾದರೆ ಸಿಗುವ ರಕ್ಷಣೆ, ರಸ್ತೆಬದಿಯ ನೆರವು ಎರಡನ್ನೂ ಸೇರಿಸಿ. ಕಾರು ಎಲ್ಲಾದರೂ ನಿಂತರೆ ಎರಡು ಚಕ್ರ ಎತ್ತಿ ಎಳೆದೊಯ್ಯಲು ಬಿಡಬಾರದು, ನೆಲದ ಮೇಲೆ ಉರುಳುವ ಚಕ್ರಗಳು ಒಳಗಿನ ಘಟಕವನ್ನು ತಿರುಗಿಸಿ ಕೆಡಿಸುತ್ತವೆ. ಸಹಾಯವಾಣಿಗೆ ಫೋನ್ ಮಾಡಿದಾಗ ಕಾರಿನ ಹೆಸರು ಹೇಳುವ ಮುನ್ನವೇ, ನಾಲ್ಕೂ ಚಕ್ರ ನೆಲ ಬಿಟ್ಟು ಮೇಲೇರುವ ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು ಎಂದು ಹೇಳಿ.